ಕೈಗಾ ಐದು-ಆರು ಬೇಕೋ ಬೇಡವೋ ಅಂತ ಕೇಳಿದವರಿಗೆ

ಈ ಸಲ ಅಡಿಕೆ, ಕಾಳುಮೆಣಸು ಬಿಟ್ಟು ಬೇರೆ ವಿಷಯ. ಕೈಗಾದಲ್ಲಿ ಐದು ಮತ್ತು ಆರನೇ ಘಟಕ ಬರುತ್ತಾ ಇದೆಯಲ್ಲ, ನಿಮ್ಮ ಅಭಿಪ್ರಾಯ ಎಂತದು ಅಂತ ಸೊಸೈಟಿಗೆ ಹೋದಾಗಲೆಲ್ಲ ಯಾರಾದರೂ ಕೇಳ್ತಾರೆ. ಚೀಲ ತೂಗಿಸ್ತಾ ನಿಂತು ಹೇಳೋ ಮಾತಲ್ಲ ಅದು. ಮಳೆ ಬಿಡದೆ ಮನೆಯಲ್ಲೇ ಕೂತ ಎರಡು ದಿನದಲ್ಲಿ ಇಷ್ಟು ಬರೆದಿದ್ದೇನೆ. ಉದ್ದ ಆಗಿದೆ, ಪುರಸೊತ್ತಲ್ಲಿ ಓದಿ.

ಮೊದಲು ಅದರ ಪರವಾಗಿರೋ ಲೆಕ್ಕ ನೋಡೋಣ. ಕೈಗಾದ ಈಗಿನ ನಾಲ್ಕು ಘಟಕಕ್ಕೆ ಹಾಕೋ ಇಂಧನ ಅಂದ್ರೆ ಯುರೇನಿಯಂ ತುಂಬಿದ ಸಣ್ಣ ಸಣ್ಣ ಕೊಳವೆಗಳ ಒಂದು ಕಟ್ಟು. ಅರ್ಧ ಮೀಟರ್ ಉದ್ದ, ಹತ್ತೊಂಬತ್ತು ಕೊಳವೆ, ತೂಕ ಸುಮಾರು ಹದಿನೈದು-ಹದಿನಾರು ಕಿಲೋ. ಒಂದು ಒಳ್ಳೇ ಬಾಳೆಗೊನೆಯಷ್ಟು. ಹೆಗಲ ಮೇಲೆ ಹೊತ್ತು ತೋಟದಿಂದ ಮನೆಗೆ ತರಬಹುದಾದ ಭಾರ. ಆ ಒಂದು ಕಟ್ಟು ಪೂರ್ತಿ ಉರಿದು ಮುಗಿಯೋದರೊಳಗೆ ಹತ್ತಿರ ಹತ್ತಿರ ಆರು ಲಕ್ಷ ಯೂನಿಟ್ ಕರೆಂಟ್ ಕೊಡುತ್ತದೆ. ನಮ್ಮ ಐದು ಎಚ್‌ಪಿ ಪಂಪು ದಿನಕ್ಕೆ ಏಳು ತಾಸು ಓಡಿದರೆ ಇಪ್ಪತ್ತಾರು ಯೂನಿಟ್. ಬೇಸಿಗೆಯ ನಾಲ್ಕು ತಿಂಗಳು ಹಿಡಿದರೆ ಮೂರು ಸಾವಿರದ ಚಿಲ್ಲರೆ. ಅಂದ್ರೆ ಆ ಬಾಳೆಗೊನೆಯಷ್ಟು ಇಂಧನದಲ್ಲಿ ನನ್ನ ಪಂಪು ನೂರಾ ತೊಂಬತ್ತು ಬೇಸಿಗೆ ಓಡುತ್ತದೆ. ಅಪ್ಪಯ್ಯನ ಕಾಲದಿಂದ ಮೊಮ್ಮಗನ ಮೊಮ್ಮಗನ ಕಾಲದವರೆಗೆ ಅಂತ ಇಟ್ಟುಕೊಳ್ಳಿ.

ಅದೇ ಆರು ಲಕ್ಷ ಯೂನಿಟ್ಟಿಗೆ ರಾಯಚೂರಿನ ಶಕ್ತಿನಗರದಂಥ ಕಡೆ ಸುಮಾರು ನಾನೂರು ಟನ್ ಕಲ್ಲಿದ್ದಲು ಸುಡಬೇಕು. ನಮ್ಮ ದೇಶದ ಕಲ್ಲಿದ್ದಲಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚೇ ಬೂದಿ ಇರ್ತದೆ, ಆ ಬೂದಿಯನ್ನೂ ಎಲ್ಲಾದರೂ ಸುರಿಯಬೇಕು. ಕೈಗಾದ ನಾಲ್ಕೂ ಘಟಕ ಸೇರಿ 880 ಮೆಗಾವಾಟ್. ವರ್ಷದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಹೊತ್ತು ಓಡಿದರೂ ಸುಮಾರು 690 ಕೋಟಿ ಯೂನಿಟ್. ಅಷ್ಟನ್ನು ಕಲ್ಲಿದ್ದಲಲ್ಲಿ ಮಾಡೋದಾದರೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಗೂಡ್ಸ್ ರೈಲು ಖಾಲಿ ಆಗಬೇಕು, ವರ್ಷವಿಡೀ. ಹವಾಮಾನದ ಬಗ್ಗೆ ಲೆಕ್ಕ ಇಡೋ ವಿಶ್ವಸಂಸ್ಥೆಯ ಐಪಿಸಿಸಿ 2014ರಲ್ಲಿ ಒಂದು ಪಟ್ಟಿ ಕೊಟ್ಟಿತ್ತು. ಗಣಿಯಿಂದ ಹಿಡಿದು ಸ್ಥಾವರ ಕೆಡವೋವರೆಗೆ ಎಲ್ಲಾ ಸೇರಿಸಿ, ಒಂದು ಯೂನಿಟ್ ಕರೆಂಟಿಗೆ ಕಲ್ಲಿದ್ದಲಿಂದ ಸುಮಾರು 820 ಗ್ರಾಂ ಇಂಗಾಲದ ಅನಿಲ, ಅಣುವಿನಿಂದ 12 ಗ್ರಾಂ. ಗಾಳಿಯಂತ್ರಕ್ಕೂ ಹೆಚ್ಚುಕಮ್ಮಿ ಅಷ್ಟೇ. ಸೋಲಾರು ಕೂಡ ನಲವತ್ತರ ಮೇಲೆ.

ಇದನ್ನ ಸುಳ್ಳು ಅನ್ನೋಕೆ ನನಗೆ ಬಾಯಿ ಬರೋದಿಲ್ಲ. ಎಂತಕ್ಕೆ ಅಂದ್ರೆ ಆ ಹೊಗೆಯ ಬಿಲ್ಲು ನಮ್ಮ ತೋಟಕ್ಕೂ ಬರ್ತಾ ಇದೆ. ಮೊದಲೆಲ್ಲ ಕೊಳೆಗೆ ಎರಡು ಮದ್ದು ಹೊಡೆದರೆ ಮುಗೀತಿತ್ತು, ಈಗ ಮೂರು, ಕೆಲವು ವರ್ಷ ನಾಲ್ಕು. ಮಳೆ ಬಂದರೆ ಒಂದೇ ವಾರಕ್ಕೆ ತಿಂಗಳಿನದ್ದು, ಇಲ್ಲದಿದ್ದರೆ 2023ರ ಆಗಸ್ಟಿನ ಹಾಗೆ ಆಕಾಶ ನೋಡ್ತಾ ಕೂರೋದು. ಎಲೆಚುಕ್ಕಿಯಂತೂ ನಿಮಗೆಲ್ಲ ಹೇಳಬೇಕಾಗಿಲ್ಲ. ಅಪ್ಪಯ್ಯನ ಕಾಲದಲ್ಲಿ ಅಬ್ಬಿ ನೀರು ದಬ್ಬೆಯಲ್ಲಿ ತಾನಾಗೇ ತೋಟಕ್ಕೆ ಇಳೀತಿತ್ತು, ಪಂಪು ಅನ್ನೋದು ಗೊತ್ತೇ ಇರಲಿಲ್ಲ. ಈಗ ಮಾರ್ಚಿಗೇ ಬತ್ತುತ್ತದೆ. ಎಲ್ಲಾ ಹವಾಮಾನದ್ದೇ ತಪ್ಪು ಅಂತಲ್ಲ, ಮೇಲೆ ಬೆಟ್ಟ ಬೋಳು ಮಾಡಿದ್ದು, ಕಂಡಲ್ಲಿ ಬೋರು ಹೊಡೆದದ್ದು ಇದೆ. ಆದರೂ ಹೊಗೆ ಕಡಿಮೆ ಆಗಬೇಕು ಅನ್ನೋದರಲ್ಲಿ ನನ್ನ ಸ್ವಾರ್ಥವೇ ಇದೆ, ಪರೋಪಕಾರ ಏನಲ್ಲ.

ಬಾಳೆಗೊನೆಯಷ್ಟು ತೂಕ ಅಂದೆನಲ್ಲ, ಅದಕ್ಕೆ ಒಂದು ಬಾಲವೂ ಇದೆ. ಜಾರ್ಖಂಡಿನ ಜಾದೂಗೋಡಾದಂಥ ನಮ್ಮ ಗಣಿಗಳಲ್ಲಿ ಒಂದು ಟನ್ ಅದಿರು ಪುಡಿ ಮಾಡಿದರೆ ಯುರೇನಿಯಂ ಸಿಗೋದು ಒಂದು ಕಿಲೋಗೂ ಕಡಿಮೆ. ಅಂದ್ರೆ ಆ ಒಂದು ಕಟ್ಟಿಗೆ ಇಪ್ಪತ್ತು ಟನ್ನಿಗೂ ಹೆಚ್ಚು ಕಲ್ಲು ಒಡೆದು, ಮಿಕ್ಕ ರಾಡಿಯನ್ನ ಅಲ್ಲೇ ಕೆರೆ ಮಾಡಿ ನಿಲ್ಲಿಸಬೇಕು. ನಮ್ಮ ಯಾದಗಿರಿ ಜಿಲ್ಲೆ ಶಹಾಪುರ ತಾಲೂಕಿನ ಗೋಗಿಯಲ್ಲೂ ಯುರೇನಿಯಂ ಸಿಕ್ಕಿದೆ, ಅಲ್ಲಿನ ರೈತರು ಗಣಿ ಬೇಡ ಅಂತ ನಿಂತಿದ್ದಾರೆ. ನಾನೂರು ಟನ್ ಕಲ್ಲಿದ್ದಲಿಗೆ ಹೋಲಿಸಿದರೆ ಇಪ್ಪತ್ತು ಟನ್ ಕಲ್ಲು ಕಡಿಮೆಯೇ. ಆದರೆ ಆ ಇಪ್ಪತ್ತು ಟನ್ ಯಾರ ಹೊಲದ ಪಕ್ಕ ಅನ್ನೋದು ಲೆಕ್ಕದಲ್ಲಿ ಬರೋದಿಲ್ಲ.

1989ರಲ್ಲಿ ಶಿವರಾಮ ಕಾರಂತರು ಕೈಗಾ ಬೇಡ ಅಂತಲೇ ನಮ್ಮ ಜಿಲ್ಲೆಯಿಂದ ಲೋಕಸಭೆಗೆ ನಿಂತಿದ್ದರು. ಎಂಬತ್ತೇಳು ವರ್ಷ ಆಗ ಅವರಿಗೆ. ಆ ವರ್ಷವೇ ಓಟಿನ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದಿತ್ತು, ನನ್ನ ಮೊದಲ ಓಟು ಅವರಿಗೇ ಹಾಕಿದ್ದು. ಸೋತರು. ಆಗ ನಾವೆಲ್ಲ ಹೆದರಿದ್ದು ಚೆರ್ನೋಬಿಲ್ ಕೇಳಿ. ಅಲ್ಲಿ ಸ್ಫೋಟ ಆಗಿ ಮೂರೇ ವರ್ಷ ಆಗಿತ್ತು. ಎರಡು ತಲೆ ಕರು ಹುಟ್ಟುತ್ತದೆ, ಹಾಲು ಕುಡಿಯೋಕಾಗೋದಿಲ್ಲ, ಕಾಳಿಯ ಮೀನು ತಿನ್ನೋಕಾಗೋದಿಲ್ಲ ಅಂತೆಲ್ಲ ಮಾತು.

ಆಮೇಲೆ ಆದದ್ದು ಎಂತದು ನೋಡಿ. 1994ರ ಮೇ 13ರಂದು, ಒಂದನೇ ಘಟಕ ಇನ್ನೂ ಕಟ್ಟುತ್ತಿರುವಾಗಲೇ ಒಳಗಿನ ಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ನೂರಕ್ಕೂ ಹೆಚ್ಚು ಟನ್. ಕೆಲಸಗಾರರಿಗೆ ಗಾಯ ಆಯ್ತು. ಇಂಧನ ಹಾಕಿರಲಿಲ್ಲ, ಹಾಗಾಗಿ ವಿಕಿರಣದ ಮಾತಿಲ್ಲ. ಆದರೆ ಏನೇ ಆದರೂ ವಿಕಿರಣ ಹೊರಗೆ ಬಾರದ ಹಾಗೆ ತಡೀಬೇಕಾದ ಗುಮ್ಮಟವೇ ಅದು! ವಿನ್ಯಾಸ ಬದಲಾಯಿಸಿ ಮತ್ತೆ ಕಟ್ಟಿ, 2000ದಲ್ಲಿ ಕರೆಂಟ್ ಕೊಡೋಕೆ ಶುರು ಮಾಡಿತು. ಅದೇ ಒಂದನೇ ಘಟಕ 2016ರ ಮೇ 13ಕ್ಕೆ ಶುರುವಾದದ್ದು 2018ರ ಡಿಸೆಂಬರ್ ಕೊನೇ ದಿನದವರೆಗೆ ಒಂದು ಸಲವೂ ನಿಲ್ಲದೆ 962 ದಿನ ಓಡಿತು. ಆಗ ಅದು ಜಗತ್ತಿನ ದಾಖಲೆ. ಗುಮ್ಮಟ ಬಿದ್ದ ತಾರೀಕೂ ಮೇ 13, ಈ ಓಟ ಶುರುವಾದದ್ದೂ ಮೇ 13. ಪಂಚಾಂಗ ನೋಡೋರು ಏನಂತಾರೋ.

ನಡುವೆ 2009ರ ನವೆಂಬರಲ್ಲಿ ಇನ್ನೊಂದು ಆಯ್ತು. ಒಳಗೆ ಕೆಲಸ ಮಾಡೋರು ಕುಡಿಯೋ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದರು. ಐವತ್ತರ ಆಸುಪಾಸು ಜನರ ಮೂತ್ರ ಪರೀಕ್ಷೆಯಲ್ಲಿ ಗೊತ್ತಾಯ್ತು. ಒಳಗಿನವರದ್ದೇ ಕಿಡಿಗೇಡಿತನ ಅಂದರು. ಯಂತ್ರ ಕೆಟ್ಟು ಆದದ್ದಲ್ಲ, ಮನುಷ್ಯನೇ ಮಾಡಿದ್ದು. ನನಗೆ ಯಂತ್ರದ ಮೇಲೆ ಇರುವಷ್ಟು ನಂಬಿಕೆ ಮನುಷ್ಯನ ಮೇಲೆ ಇಲ್ಲ, ಅದು ಬೇರೆ ಮಾತು.

ಈಗ ಅಸಲು ವಿಷಯ. ಕಾಳಿ ಹೊಳೆಯ ಜನ ಇಷ್ಟು ವರ್ಷದಲ್ಲಿ ಮನೆ-ಮಾರು ಕಳೆದುಕೊಂಡದ್ದು ಯಾವುದರಿಂದ? ಮೊದಲು ಸೂಪಾ ಅಣೆಕಟ್ಟೆ, ಪೇಟೆಗೆ ಪೇಟೆಯೇ ಮುಳುಗಿ ರಾಮನಗರಕ್ಕೆ ಹೋಗಿ ಕೂತರು. ಆಮೇಲೆ ಕೊಡಸಳ್ಳಿ, ಕದ್ರಾ. ಕೈಗಾಕ್ಕೆ ಜಾಗ ಬಿಟ್ಟವರು ಬೇರೆ. ಕೆಳಗೆ ಸಮುದ್ರ ದಂಡೆಯಲ್ಲಿ ಸೀಬರ್ಡು. ಇದೆಲ್ಲ ನಿಮಗೆ ಬಾಯಿಪಾಠ ಇರ್ತದೆ.

ನನ್ನ ಭಾವನ ಮನೆ ಕದ್ರಾದ ಕೆಳಗೆ, ಹೊಳೆ ಹತ್ತಿರ. 1989ರಲ್ಲಿ ಅವನೂ ವಿಕಿರಣಕ್ಕೇ ಹೆದರಿದ್ದ. ಅವನ ಮನೆಯೊಳಗೆ ಬಂದದ್ದು ಮಾತ್ರ ನೀರು. 2019ರ ಆಗಸ್ಟಲ್ಲಿ ಒಂದು ಸಲ, 2021ರ ಜುಲೈಯಲ್ಲಿ ಇನ್ನೊಂದು ಸಲ. ಮೇಲೆ ಘಟ್ಟದಲ್ಲಿ ಸುರಿದದ್ದು ಡ್ಯಾಮಿಗೆ ಬಂತು, ಡ್ಯಾಮು ತುಂಬಿ ಗೇಟು ತೆಗೆದರು, ಕೆಳಗಿನ ಊರು ಮುಳುಗಿತು. ಎರಡನೇ ಸಲ ಅಕ್ಕ ಅಕ್ಕಿ ಡಬ್ಬ ಅಟ್ಟದ ಮೇಲಿಟ್ಟು ಹೊರಟಿದ್ದಳು, ವಾಪಸ್ ಬಂದು ನೋಡಿದರೆ ಅಟ್ಟಕ್ಕೂ ಕೆಸರು. ಎರಡು ದನ ಹೋದವು. ಸ್ಥಾವರಕ್ಕೆ ಏನೂ ಆಗಲಿಲ್ಲ, ಅದೂ ಸತ್ಯ. ಅದು ತಂಪಾಗೋದು ಅದೇ ಕದ್ರಾ ಹಿನ್ನೀರಿನಿಂದ. ಇಂಧನದ ಶಾಖದಲ್ಲಿ ಮೂರನೇ ಒಂದು ಪಾಲಿಗಿಂತ ಕಡಿಮೆ ಕರೆಂಟಾಗ್ತದೆ, ಉಳಿದ ಬಿಸಿಯೆಲ್ಲ ಆ ನೀರಿಗೇ ಹೋಗಬೇಕು.

2021ರ ಆ ಜುಲೈ ವಾರವನ್ನ ಇನ್ನೊಂದು ಸಲ ನೆನಪು ಮಾಡಿಕೊಳ್ಳಿ. ಕೆಳಗೆ ಕದ್ರಾ ಗೇಟು ತೆಗೆದು ನೀರು. ಇಲ್ಲಿ ನಮ್ಮ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡಕ್ಕೆ ಗುಡ್ಡವೇ ಜಾರಿ ಎಕರೆಗಟ್ಟಲೆ ತೋಟ ಮಣ್ಣಾಯ್ತು. ಮೂರು ತಲೆಮಾರು ಬೆಳೆಸಿದ ಮರ ಒಂದು ರಾತ್ರಿಯಲ್ಲಿ. ಅರಬೈಲ್ ಘಟ್ಟ ಕುಸಿದು ಹೆದ್ದಾರಿ ಬಂದ್, ಅಣಶಿ ಘಟ್ಟವೂ ಕುಸಿಯಿತು. ನಾನು ಭಾವನ ಮನೆಗೆ ಹೋಗೋಣ ಅಂದರೆ ದಾರಿಯೇ ಇಲ್ಲ. ಫೋನಿಲ್ಲ, ಕರೆಂಟಿಲ್ಲ. ನಾಲ್ಕನೇ ದಿನಕ್ಕೆ ಅವರು ಬದುಕಿದ್ದಾರೆ ಅನ್ನೋದು ಗೊತ್ತಾದದ್ದು.

ಈ ವಿಷಯವನ್ನ ನಾನು ಫುಕುಶಿಮಾ ಜೊತೆ ಇಟ್ಟು ನೋಡ್ತೇನೆ. 2011ರ ಮಾರ್ಚ್ 11ರಂದು ಜಪಾನಲ್ಲಿ ಭೂಕಂಪ ಆದ ಕೂಡಲೇ ಅಲ್ಲಿನ ರಿಯಾಕ್ಟರುಗಳು ಸರಿಯಾಗೇ ನಿಂತವು. ಕೆಡಿಸಿದ್ದು ಆಮೇಲೆ ಬಂದ ನೀರು. ರಿಯಾಕ್ಟರ್ ನಿಲ್ಲಿಸಿದರೂ ಒಳಗಿನ ಶಾಖ ನಿಲ್ಲೋದಿಲ್ಲ. ಆಲೆಮನೆಯಲ್ಲಿ ಒಲೆಯಿಂದ ಬೆಂಕಿ ಎಳೆದರೂ ಕೊಪ್ಪರಿಗೆ ಕುದೀತಾ ಇರೋದಿಲ್ವಾ, ಹಾಗೆ. ಕೊಪ್ಪರಿಗೆ ಗಳಿಗೆಯಲ್ಲಿ ತಣಿಯುತ್ತದೆ, ಇದಕ್ಕೆ ದಿನ, ತಿಂಗಳುಗಟ್ಟಲೆ ನೀರು ಹಾಯಿಸ್ತಾ ಇರಬೇಕು. ನೀರು ಹಾಯಿಸೋಕೆ ಪಂಪು, ಪಂಪಿಗೆ ಕರೆಂಟು, ಕರೆಂಟು ಹೋದರೆ ಡೀಸೆಲ್ ಜನರೇಟರು. ಆ ಜನರೇಟರುಗಳೇ ಸುನಾಮಿಯಲ್ಲಿ ಮುಳುಗಿದವು. ಲಕ್ಷಕ್ಕೂ ಹೆಚ್ಚು ಜನರನ್ನ ಊರು ಬಿಡಿಸಿದರು. ಆಸ್ಪತ್ರೆಯಿಂದ ಎಬ್ಬಿಸಿ ಬಸ್ಸಲ್ಲಿ ಸಾಗಿಸಿದ ಮುದುಕರು, ಶಿಬಿರದಲ್ಲಿ ಮದ್ದಿಲ್ಲದೆ ಉಳಿದವರು, ಮನಸ್ಸು ಒಡೆದವರು ಅಂತ ಆ ಒಂದು ಪ್ರಾಂತ್ಯದಲ್ಲೇ 2000ಕ್ಕೂ ಹೆಚ್ಚು ಜನ ತೀರಿಹೋದರು. ವಿಕಿರಣದ ಲೆಕ್ಕಕ್ಕೆ ಬರೋ ಸಾವಲ್ಲ ಅದು, ಹೊರಡಿಸಿದ ರೀತಿಯಿಂದ ಆದ ಸಾವು. ಆಮೇಲೆ ಅಲ್ಲಿನ ಗದ್ದೆಗಳ ಮೇಲ್ಮಣ್ಣನ್ನ ಐದು ಸೆಂಟಿಮೀಟರಿನಷ್ಟು ಕೆರೆದು ಕಪ್ಪು ಚೀಲದಲ್ಲಿ ತುಂಬಿ ರಾಶಿ ಹಾಕಿದರು. ಐದು ಸೆಂಟಿಮೀಟರ್ ಅಂದ್ರೆ ನಾವು ದರಕು, ಗೊಬ್ಬರ ಹಾಕಿ ಹಾಕಿ ಮಾಡಿಕೊಂಡ ಜೀವ ಇರೋ ಮಣ್ಣು ಅಷ್ಟೂ. ಚೀಲದ ಫೋಟೋ ನೋಡಿದ ದಿನ ನನಗೆ ಊಟ ಸೇರಲಿಲ್ಲ.

ನಮ್ಮಲ್ಲಿ ಸ್ಥಾವರದ ಸುತ್ತ 16 ಕಿಲೋಮೀಟರನ್ನ ತುರ್ತು ವಲಯ ಅಂತ ಗುರುತು ಮಾಡ್ತಾರೆ. ಏನಾದರೂ ಆದರೆ ಅಲ್ಲಿನ ಜನರನ್ನ ಎಲ್ಲಿಗೆ, ಹೇಗೆ ಸಾಗಿಸೋದು ಅಂತ ಯೋಜನೆ ಇರ್ತದೆ, ಆಗಾಗ ಅಣಕು ಕಾರ್ಯಾಚರಣೆಯೂ ನಡೀತದೆ. ಒಳ್ಳೇದೇ. ಆದರೆ ಅಣಕು ಕಾರ್ಯಾಚರಣೆ ಮಾಡಬೇಕಾದದ್ದು ಒಣ ರಸ್ತೆ ಮೇಲೆ ಅಲ್ಲ, ಜುಲೈ ತಿಂಗಳ ಮಳೆಯಲ್ಲಿ, ಅರಬೈಲ್ ಬಂದ್ ಅಂತ ಇಟ್ಟುಕೊಂಡು, ಕದ್ರಾ ಗೇಟು ತೆಗೆದಿದೆ ಅಂತ ಇಟ್ಟುಕೊಂಡು. ಹವಾಮಾನ ಕೆಟ್ಟಿದೆ, ಅದಕ್ಕೆ ಅಣು ವಿದ್ಯುತ್ ಉತ್ತರ ಅಂತ ಹೇಳೋರು, ಹವಾಮಾನ ಕೆಟ್ಟ ದಿನ ಕೈಗಾ ಸುತ್ತಿನ ಜನ ಯಾವ ದಾರಿಯಲ್ಲಿ ಹೊರಡಬೇಕು ಅಂತಲೂ ಹೇಳಬೇಕಾಗ್ತದೆ. ಐದು-ಆರನೇ ಘಟಕಕ್ಕೆ ಎಂಟು ಸಾವಿರಕ್ಕೂ ಹೆಚ್ಚು ಮರ ಹೋಗೋದೂ ಇದೇ ಜಾರುವ ಗುಡ್ಡಗಳ ಸೀಮೆಯಲ್ಲಿ.

ಸೋಲಾರ್ ಹಾಕಿದರೆ ಇದೆಲ್ಲ ಬೇಡವಲ್ಲ ಅಂತ ನಮ್ಮ ಹುಡುಗರು ಹೇಳ್ತಾರೆ. ಪಾವಗಡದಲ್ಲಿ ಹದಿಮೂರು ಸಾವಿರ ಎಕರೆಯಲ್ಲಿ 2050 ಮೆಗಾವಾಟ್ ಮಾಡಿದ್ದಾರೆ, ರೈತರಿಂದ ಕೊಂಡದ್ದಲ್ಲ, ವರ್ಷಕ್ಕೆ ಎಕರೆಗೆ 21,000 ರೂಪಾಯಿ ಲೆಕ್ಕದಲ್ಲಿ ಗೇಣಿಗೆ ಹಿಡಿದದ್ದು. ಪಾರ್ಕಿನ ಕೆಲಸ ಶುರುವಾಗಿ ಐದು ವರ್ಷದೊಳಗೆ ಪೂರ್ತಿ ಕರೆಂಟು. ಕೈಗಾ ಒಂದನೇ ಘಟಕಕ್ಕೆ ಹನ್ನೊಂದು ವರ್ಷ ಹಿಡಿದಿತ್ತು. ನಮ್ಮ ಪಂಪಿಗೆ ಬೇಕಾದದ್ದೂ ಹಗಲಿನ ಕರೆಂಟೇ, ಅದಕ್ಕೆ ಬಿಸಿಲು ಸಾಕು. ಆದರೆ ಜುಲೈಯಲ್ಲಿ ಘಟ್ಟದ ಮೇಲೆ ಬಿಸಿಲೆಲ್ಲಿದೆ, ರಾತ್ರಿ ಬೆಂಗಳೂರಿಗೆ ಎಲ್ಲಿಂದ ಕೊಡೋದು? ರಾತ್ರಿಗೆ ಉಳಿಯೋದು ಕಲ್ಲಿದ್ದಲು, ಇಲ್ಲ ಹೊಳೆ, ಇಲ್ಲ ಅಣು. ಹೊಳೆ ಅಂದರೆ ಮತ್ತೆ ಶರಾವತಿ, ಕಾಳಿಗೇ ಬರ್ತಾರೆ. ಹಾಗಾಗಿ ಅಣು ಬೇಡವೇ ಬೇಡ ಅಂತ ಒಂದೇ ಮಾತಲ್ಲಿ ಹೇಳೋನಿಗೆ, ಹಾಗಾದರೆ ರಾಯಚೂರಿನವನು ಬೂದಿ ಕುಡೀಲಾ ಅಂತ ಕೇಳಬೇಕಾಗ್ತದೆ.

ಇನ್ನೊಂದು ಸಿಟ್ಟೂ ಹೇಳಿಬಿಡ್ತೇನೆ. ನಮ್ಮ ಸೊಪ್ಪಿನ ಬೆಟ್ಟದ ಮೇಲೆ ದೊಡ್ಡ ಲೈನು ಹಾದುಹೋಗಿದೆ, ನಾಲ್ಕು ಲಕ್ಷ ವೋಲ್ಟಿನದು. ಕೆಳಗೆ ಎತ್ತರದ ಮರ ಬೆಳೆಸೋ ಹಾಗಿಲ್ಲ, ಅಡಿಕೆಯಂತೂ ಇಲ್ಲವೇ ಇಲ್ಲ. ಕಡಿದ ಮರಕ್ಕೆ ಕೊಟ್ಟ ದುಡ್ಡು ಕಡಿಯೋ ಆಳಿನ ಕೂಲಿಗೆ ಸಮ. ಆ ಲೈನಿನ ಅಡಿಯಲ್ಲಿ ನಿಂತರೆ ಮಳೆಗಾಲದಲ್ಲಿ ಗುಂಯ್ ಅಂತ ಶಬ್ದ ಕೇಳ್ತದೆ, ಮನೆಯಲ್ಲಿ ನೋಡಿದರೆ ಮೂರು ದಿನದಿಂದ ಚಿಮಣಿ ದೀಪ. ಎಲ್ಲೋ ಮರ ಬಿದ್ದಿದೆ, ಲೈನ್‌ಮನ್ ಒಬ್ಬನೇ, ಅವನಿಗೂ ಹದಿನೈದು ಊರು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ.

ಹೋದ ತಿಂಗಳು ಗ್ರಾಮಸಭೆಗೆ ಅಂತ ಒಂದು ಮನವಿ ಬಂತು. 'ವಿಸ್ತರಣೆ ಬೇಡ' ಅಂತ ಒಂದೇ ಸಾಲು, ಕೆಳಗೆ ಸಹಿ. ಭಾವ ಹಾಕಿದ್ದ. ತಂಗಿ ಮಗ ಕೈಗಾದಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗ್ತಾನೆ, "ಮಾವ, ನೀವು ಹಾಕಬೇಡಿ, ಇಲ್ಲಿ ಬೇರೆ ಎಂತ ಕೆಲಸ ಉಂಟು" ಅಂದ. ಇಬ್ಬರ ಮಾತೂ ಸರಿಯೇ ಇದೆ. ನಾನು ಆ ಕಾಗದಕ್ಕೆ ಸಹಿ ಹಾಕಲಿಲ್ಲ. ಬೇರೆ ಹಾಳೆಯಲ್ಲಿ ಬರೆದು ಕೊಟ್ಟೆ: ಮಳೆಗಾಲದಲ್ಲೂ ಮುಚ್ಚದ ಎರಡು ದಾರಿ ಆಗೋವರೆಗೆ ಹೊಸ ಘಟಕಕ್ಕೆ ಇಂಧನ ತುಂಬಬಾರದು. ಕದ್ರಾ ಗೇಟು ತೆಗೆಯೋ ಮೊದಲು ಕೆಳಗಿನ ಪ್ರತಿ ಮನೆಗೆ ಕೇಳೋ ಹಾಗೆ ಸೈರನ್ ಬೇಕು, ಗೇಟು ತೆಗೆದು ಅರ್ಧ ತಾಸಿನ ಮೇಲೆ ಅಲ್ಲ. ನೀರು, ಹಾಲು, ಮೀನಿನಲ್ಲಿ ವಿಕಿರಣ ಎಷ್ಟು ಅಂತ ಅಳೆದದ್ದನ್ನ, ಊರೂರಿನ ಕ್ಯಾನ್ಸರ್ ಲೆಕ್ಕವನ್ನ ಪಂಚಾಯ್ತಿ ಬೋರ್ಡಿಗೆ ಕನ್ನಡದಲ್ಲಿ ಅಂಟಿಸಬೇಕು, ಪ್ರತಿ ತಿಂಗಳು. ಉರಿದು ಮುಗಿದ ಇಂಧನ ಎಷ್ಟು ವರ್ಷ ಇಲ್ಲೇ ಇಡ್ತೀರಿ ಅಂತ ಬರವಣಿಗೆಯಲ್ಲಿ ಕೊಡಬೇಕು. ಲೈನಿನ ಕೆಳಗಿನ ಊರುಗಳಿಗೆ ಕೇಬಲ್ ಹಾಕಿ ಮಳೆಗಾಲದಲ್ಲೂ ಕರೆಂಟು ಕೊಡಬೇಕು.

ಭಾವ ಓದಿ, "ಇದನ್ನೆಲ್ಲ ಅವರು ಮಾಡೋದಿಲ್ಲ ಮಾರಾಯ, ಅದಕ್ಕೇ ನಾವು ಬೇಡ ಅಂತ ಬರೆದದ್ದು" ಅಂದ. ಇರಬಹುದು. ಗ್ರಾಮಸಭೆ ಬರೋ ಗುರುವಾರ ಹನ್ನೊಂದು ಗಂಟೆಗೆ, ಶಾಲೆಯಲ್ಲಿ. ಎರಡೂ ಕಾಗದ ಮೇಜಿನ ಮೇಲೆ ಇರ್ತದೆ. ಮಳೆ ಇದ್ದರೂ ಬನ್ನಿ, ಕೋರಂ ಆಗದೆ ಹೋದ ಸಲ ಮುಂದೆ ಹಾಕಿದ್ದು ನೆನಪಿದೆಯಲ್ಲ.